ಒಂದೇ ರೈಫಲ್, ಎರಡು ಬಗೆಯ ಬೇಟೆ

1955ರಲ್ಲಿ ಅಮೆರಿಕದ ಎರಡು ಹೆಸರಾಂತ ಬಂದೂಕು ಕಂಪನಿಗಳು ಹೆಚ್ಚುಕಡಿಮೆ ಒಂದೇ ತೆರನಾದ ತೋಟಾವನ್ನು ಒಂದೇ ವರ್ಷ ಮಾರುಕಟ್ಟೆಗೆ ಬಿಟ್ಟವು. ವಿಂಚೆಸ್ಟರ್ ತನ್ನದನ್ನು .243 ಎಂದು ಕರೆಯಿತು, ರೆಮಿಂಗ್ಟನ್ .244 ಎಂದಿತು. ಹೆಸರು ಬೇರೆಯಾದರೂ ಎರಡರಲ್ಲೂ ಗುಂಡಿನ ವ್ಯಾಸ ಒಂದೇ, ಸುಮಾರು 6.2 ಮಿಲಿಮೀಟರ್. ಮದ್ದು ಹಿಡಿಸುವುದರಲ್ಲಿ ರೆಮಿಂಗ್ಟನ್ನಿನದೇ ತುಸು ಮೇಲು. ಆದರೂ .243 ಇವತ್ತಿಗೂ ಅಮೆರಿಕದ ಊರೂರಿನ ಅಂಗಡಿಗಳಲ್ಲಿ ಸಿಗುತ್ತದೆ; .244 ಮೂಲೆ ಸೇರಿತು. ವ್ಯತ್ಯಾಸ ಇದ್ದದ್ದು ನಳಿಗೆಯ ಒಳಮೈಯಲ್ಲಿ. ರೈಫಲ್‌ನ ನಳಿಗೆಯೊಳಗೆ ಸುರುಳಿಯಾಗಿ ತೋಡು ಕೊರೆದಿರುತ್ತಾರೆ. ಗುಂಡು ಆ ತೋಡುಗಳನ್ನು ಕಚ್ಚಿಕೊಂಡು ಗಿರಗಿರನೆ ತಿರುಗುತ್ತ ಹೊರಬೀಳುವುದರಿಂದಲೇ ಗಾಳಿಯಲ್ಲಿ ಪಲ್ಟಿ ಹೊಡೆಯದೆ ಮೂತಿ ಮುಂದಾಗಿ ಸಾಗುತ್ತದೆ. ಗುಂಡು ಉದ್ದವಾದಷ್ಟೂ ಹೆಚ್ಚು ಬಿರುಸಾಗಿ ತಿರುಗಬೇಕು. ವಿಂಚೆಸ್ಟರ್ 10 ಇಂಚಿಗೆ ಒಂದು ಸುತ್ತು ಬರುವಂತೆ ತೋಡು ಕೊರೆಯಿತು, ರೆಮಿಂಗ್ಟನ್ 12 ಇಂಚಿಗೆ ಒಂದು ಸುತ್ತು. ಈ ತೋಟಾ ಕೊಳ್ಳುವವರು ಹೊಲಕ್ಕೆ ಬರುವ ಸಣ್ಣಪುಟ್ಟ ಪ್ರಾಣಿಗಳನ್ನು ಹೊಡೆಯಲು ಕೊಳ್ಳುತ್ತಾರೆ, ಅದಕ್ಕೆ 90 ಗ್ರೇನ್‌ವರೆಗಿನ (ಗ್ರೇನ್ ಎಂಬುದು ಗುಂಡಿನ ತೂಕದ ಅಳತೆ) ಹಗುರ ಗುಂಡು ಸಾಕು ಎಂಬುದು ರೆಮಿಂಗ್ಟನ್ನಿನ ಎಣಿಕೆ. ಆದರೆ ಕೊಳ್ಳುವವನಿಗೆ ಬೇಕಾಗಿದ್ದದ್ದು ಬೇಸಿಗೆಯಲ್ಲಿ ಹೊಲದ ಕಾಟಕ್ಕೂ ಶರತ್ಕಾಲದಲ್ಲಿ ಜಿಂಕೆಗೂ ಆಗುವ ಒಂದೇ ರೈಫಲ್. ಜಿಂಕೆಗೆ 100 ಗ್ರೇನ್ ಗುಂಡು ಬೇಕೆಂಬುದು ಅವನ ನಂಬಿಕೆ, ಅದನ್ನು .244ರ ನಿಧಾನ ಸುತ್ತು ನೆಟ್ಟಗೆ ಹಿಡಿದಿಡಲಾರದು ಎಂಬ ಮಾತು ಹಬ್ಬಿತು. ರೆಮಿಂಗ್ಟನ್ ಸುತ್ತನ್ನು 9 ಇಂಚಿಗೆ ಬಿಗಿ ಮಾಡಿತು, 1963ರಲ್ಲಿ ಹೆಸರನ್ನೂ 6 ಎಂಎಂ ರೆಮಿಂಗ್ಟನ್ ಎಂದು ಬದಲಿಸಿತು. ಕಳೆದುಹೋದ ಗಿರಾಕಿ ಮಾತ್ರ ಮರಳಲಿಲ್ಲ.

ರೈಫಲ್ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಕ್ಯಾಲಿಬರ್, ಅಂದರೆ ಗುಂಡಿನ ವ್ಯಾಸ, ಯಾವುದು ಎಂಬುದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ವಾದ. ಒಂದೇ ವ್ಯಾಸದ ಎರಡು ರೈಫಲ್‌ಗಳು ಎರಡು ಬೇರೆ ಕೆಲಸದ ಸಾಧನಗಳಾಗಬಲ್ಲವು ಎಂದು ಮೇಲಿನ ಕಥೆಯೇ ತೋರಿಸುತ್ತದೆ. ಕೊಲ್ಲುವುದು ನಳಿಗೆಯ ಮೇಲೆ ಕೆತ್ತಿದ ಅಂಕಿಯಲ್ಲ. ಒಂದು ನಿರ್ದಿಷ್ಟ ತೂಕದ, ನಿರ್ದಿಷ್ಟ ಕಟ್ಟಿನ ಗುಂಡು ಒಂದು ನಿರ್ದಿಷ್ಟ ಮೈಯೊಳಗೆ ಎಷ್ಟು ಆಳಕ್ಕೆ ಇಳಿದು ಏನನ್ನು ಹರಿಯುತ್ತದೆ ಎಂಬುದು. ಹಾಗಾಗಿ ಎದುರಿಗಿರುವ ಪ್ರಾಣಿಯ ಮೈಯಿಂದ ಯೋಚನೆ ಶುರುವಾಗಬೇಕು. ಆ ಮೈಗೆ ತಕ್ಕ ಗುಂಡು ಯಾವುದು, ಹೊಡೆಯುವವನು ಅದನ್ನು ಎಷ್ಟು ದೂರದಿಂದ ತಪ್ಪದೆ ಹೊಡೆಯಬಲ್ಲ, ಅವನ ಹೆಗಲು ಎಷ್ಟು ಒದೆತ ತಡೆಯುತ್ತದೆ ಎಂಬುದೆಲ್ಲ ಇತ್ಯರ್ಥವಾದ ಮೇಲೆ ಕ್ಯಾಲಿಬರ್ ತಾನಾಗಿ ಹೊರಬೀಳುತ್ತದೆ. ಇದು ಬಂದೂಕಿನ ಶೋಕಿಯವರ ಹರಟೆಯ ವಿಷಯವಲ್ಲ. ಆಯ್ಕೆ ತಪ್ಪಿದರೆ ಅದರ ಬೆಲೆ ತೆರುವುದು ಹೊಟ್ಟೆಗೋ ತೊಡೆಗೋ ಗುಂಡು ತಿಂದು ಪೊದೆಯಲ್ಲಿ ದಿನಗಟ್ಟಲೆ ಒದ್ದಾಡಿ ಸಾಯುವ ಪ್ರಾಣಿ.

ಅಮೆರಿಕದಲ್ಲಿ ಈ ಎರಡು ಬೇಟೆಗಳ ನಡುವಿನ ಅಂತರ ಎಷ್ಟೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅವರು ವರ್ಮಿಂಟ್ ಎನ್ನುವುದು ಬೆಳೆ, ಹುಲ್ಲುಗಾವಲು, ಕುರಿಮರಿಗಳಿಗೆ ಕಾಟ ಕೊಡುವ ಸಣ್ಣ ಪ್ರಾಣಿಗಳನ್ನು. ಮೊಂಟಾನಾದಿಂದ ಟೆಕ್ಸಸ್‌ವರೆಗಿನ ಬಯಲುಗಳಲ್ಲಿ ಬಿಲ ತೋಡುವ ಪ್ರೈರಿ ಡಾಗ್ ಹೆಚ್ಚೆಂದರೆ ಒಂದೂವರೆ ಕಿಲೋ ತೂಗುತ್ತದೆ. ಪೂರ್ವದ ಹೊಲಗಳ ವುಡ್‌ಚಕ್ ನಾಲ್ಕೈದು ಕಿಲೋ. ಈ ಗುಂಪಿನಲ್ಲಿ ದೊಡ್ಡದೆಂದರೆ ಕಯೋಟಿ, ನಮ್ಮ ನರಿಗಿಂತ ಒಂದು ಕೈ ಮೇಲು, ಇಪ್ಪತ್ತು ಕಿಲೋ ಒಳಗೆ. ದೊಡ್ಡ ಬೇಟೆ ಎಂಬ ಇನ್ನೊಂದು ಗುಂಪು ಟೆಕ್ಸಸ್‌ನ ನಲವತ್ತು ಕಿಲೋದ ಹೆಣ್ಣು ಜಿಂಕೆಯಿಂದ ಶುರುವಾಗಿ ಮುನ್ನೂರು ಕಿಲೋ ದಾಟುವ ಗಂಡು ಎಲ್ಕ್, ಅದಕ್ಕೂ ಭಾರದ ಮೂಸ್‌ವರೆಗೆ ಹೋಗುತ್ತದೆ. ಎರಡು ತುದಿಗಳ ನಡುವೆ ತೂಕದಲ್ಲಿ ಇನ್ನೂರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸವಿದೆ. ಇಡೀ ಸಾಲಿಗೆ ಒಂದೇ ಉತ್ತರ ಹುಡುಕುವವನು ಪ್ರಶ್ನೆಯನ್ನೇ ಸರಿಯಾಗಿ ಕೇಳಿಕೊಂಡಿಲ್ಲ.

ಸಣ್ಣ ಪ್ರಾಣಿಗೆಂದು ಮಾಡಿದ ಗುಂಡನ್ನು ಉದ್ದಕ್ಕೆ ಸೀಳಿ ನೋಡಿದರೆ ಅದರ ಉದ್ದೇಶ ಕಣ್ಣಿಗೆ ಕಾಣುತ್ತದೆ. ಹೊರಗಿನ ತಾಮ್ರದ ಕವಚ ಮೂತಿಯ ಬಳಿ ಬಹಳ ತೆಳು. ಒಳಗೆ ಮೆತ್ತನೆ ಸೀಸ. ಈಚಿನ ಗುಂಡುಗಳಲ್ಲಿ ಮೂತಿಗೆ ಚೂಪಾದ ಪ್ಲಾಸ್ಟಿಕ್ ತುದಿ ಕೂರಿಸಿರುತ್ತಾರೆ. ಏನಕ್ಕಾದರೂ ಬಡಿದ ಕೂಡಲೇ ಆ ತುದಿ ಬೆಣೆಯ ಹಾಗೆ ಹಿಂದಕ್ಕೆ ನುಗ್ಗಿ ಕವಚವನ್ನು ಸೀಳುತ್ತದೆ, ಕೆಲವೇ ಸೆಂಟಿಮೀಟರ್ ಒಳಗೆ ಇಡೀ ಗುಂಡು ಚೂರುಚೂರಾಗುತ್ತದೆ. ಒಂದು ಕಿಲೋದ ಪ್ರಾಣಿ ನೋವು ತಿಳಿಯುವ ಮೊದಲೇ ಸಾಯುತ್ತದೆ. ಗುಂಡು ಹೀಗೆ ಪುಡಿಯಾಗುವುದಕ್ಕೆ ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಈ ಬೇಟೆ ನಡೆಯುವುದು ಮನೆ, ದನ, ಟ್ರ್ಯಾಕ್ಟರ್ ಓಡಾಡುವ ಹೊಲಗಳಲ್ಲಿ. ಗುರಿ ತಪ್ಪಿದ ಗಟ್ಟಿ ಗುಂಡು ನೆಲಕ್ಕೆ ತಾಗಿ ಪುಟಿದು ಎಲ್ಲಿಗೋ ಹಾರುತ್ತದೆ. ತೆಳು ಕವಚದ ಹಗುರ ಗುಂಡು ಮಣ್ಣಿಗೆ ತಾಗಿದರೂ ಬಹುಮಟ್ಟಿಗೆ ಅಲ್ಲೇ ಪುಡಿಯಾಗುತ್ತದೆ. ಇದೇ ಗುಂಡನ್ನು ಜಿಂಕೆಯ ಭುಜಕ್ಕೆ ಹೊಡೆದರೆ ಮೇಲ್ಮಾಂಸದಲ್ಲೇ ಸಿಡಿದು ಅಂಗೈಯಗಲ ಹುಣ್ಣು ಮಾಡುತ್ತದೆ, ಎದೆಗೂಡಿನ ಒಳಗೆ ಹೋಗುವುದಿಲ್ಲ. ಜಿಂಕೆ ಓಡುತ್ತದೆ. ಸಾಯುವುದು ಆ ದಿನವಲ್ಲ.

ದೊಡ್ಡ ಪ್ರಾಣಿಯ ಗುಂಡಿನ ಕೆಲಸ ಇದಕ್ಕೆ ತದ್ವಿರುದ್ಧ. ಅಡ್ಡಡ್ಡ ನಿಂತ ಜಿಂಕೆಯ ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದರಷ್ಟು ಎತ್ತರದಲ್ಲಿ ಸುಮಾರು ಒಂದು ಗೇಣಗಲದ ಜಾಗವಿದೆ. ಹೃದಯ, ಎರಡು ಶ್ವಾಸಕೋಶ, ದೊಡ್ಡ ರಕ್ತನಾಳಗಳು ಎಲ್ಲ ಅಲ್ಲೇ ಒತ್ತಾಗಿ ಕೂತಿವೆ. ಗುಂಡು ಚರ್ಮ, ಮಾಂಸ, ಕೆಲವೊಮ್ಮೆ ಮೂಳೆಯನ್ನೂ ದಾಟಿ ಅಲ್ಲಿಗೆ ತಲುಪಬೇಕು, ದಾರಿಯಲ್ಲಿ ಅರಳಿ ಅಗಲವಾಗಬೇಕು, ಆದರೂ ಒಡೆದು ಚೂರಾಗದೆ ಆಚೆ ಬದಿಯವರೆಗೆ ಸಾಗಬೇಕು. ಅರಳುವುದು ಮತ್ತು ಒಡೆಯದಿರುವುದು ಒಂದಕ್ಕೊಂದು ಎದುರು ಬೀಳುವ ಗುಣಗಳು. ಜಾನ್ ನಾಸ್ಲರ್ ಎಂಬಾತ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋದಾಗ ಅವನ ಕೈಯಲ್ಲಿದ್ದದ್ದು .300 ಮ್ಯಾಗ್ನಮ್, ಅಂದಿನ ಕಾಲಕ್ಕೆ ಭರ್ಜರಿ ಕ್ಯಾಲಿಬರ್. ಅದರ ಗುಂಡುಗಳು ಮೂಸ್‌ನ ಭುಜದ ಮೇಲ್ಭಾಗದಲ್ಲೇ ಒಡೆದುಹೋದವು, ಒಳಕ್ಕೆ ಇಳಿಯಲೇ ಇಲ್ಲ. ಅವನು ಊರಿಗೆ ಮರಳಿ ಇನ್ನೂ ದೊಡ್ಡ ಕೋವಿ ಕೊಳ್ಳಲಿಲ್ಲ, ಗುಂಡಿನ ಕಟ್ಟನ್ನೇ ಬದಲಿಸಿದ. ತಾಮ್ರದ ಕವಚದ ನಡುವೆ ಅಡ್ಡಗೋಡೆ ಇಟ್ಟ. ಮುಂದಿನ ಕೋಣೆಯ ಸೀಸ ಅರಳುತ್ತದೆ; ಗೋಡೆಯ ಹಿಂದಿನ ಅರ್ಧ ಹಾಗೇ ಉಳಿದು ಮುನ್ನುಗ್ಗುತ್ತದೆ. ಪಾರ್ಟಿಷನ್ ಎಂಬ ಆ ಗುಂಡು 1948ರ ಹೊತ್ತಿಗೆ ಮಾರಾಟಕ್ಕೆ ಬಂತು, ಇಂದಿಗೂ ತಯಾರಾಗುತ್ತಿದೆ. ಕ್ಯಾಲಿಬರ್ ಬದಲಾಗದೆ ಗುಂಡು ಮಾತ್ರ ಬದಲಾದಾಗ ಫಲಿತಾಂಶ ಬದಲಾಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಇದಕ್ಕೆ ಮೊದಲ ಆಕ್ಷೇಪ ವೇಗದ ಪಕ್ಷದವರಿಂದ ಬರುತ್ತದೆ. ವೇಗ ಸಾಕಷ್ಟಿದ್ದರೆ ಶಕ್ತಿ ತಾನಾಗಿ ಬರುತ್ತದೆ, ಹಗುರ ಗುಂಡೂ ದೊಡ್ಡ ಪ್ರಾಣಿಯನ್ನು ಕೆಡವುತ್ತದೆ ಎಂಬುದು ಅವರ ವಾದ. ವಿಂಚೆಸ್ಟರ್ 1935ರಲ್ಲಿ .220 ಸ್ವಿಫ್ಟ್ ತಂದಾಗ ಅದರ 48 ಗ್ರೇನ್ ಗುಂಡು ಸೆಕೆಂಡಿಗೆ 1,250 ಮೀಟರ್‌ವರೆಗೆ ಓಡುತ್ತಿತ್ತು. ಅದರಿಂದ ಜಿಂಕೆ ಹೊಡೆದವರಲ್ಲಿ ಕೆಲವರು ಪ್ರಾಣಿ ಸಿಡಿಲು ಬಡಿದ ಹಾಗೆ ನಿಂತಲ್ಲೇ ಬಿತ್ತು ಎಂದು ಹೊಗಳಿದರು. ಮತ್ತೆ ಕೆಲವರು ಮೇಲ್ಮೈ ಗಾಯ ಹೊತ್ತು ಓಡಿದ ಪ್ರಾಣಿಗಳನ್ನು ಕಂಡರು. ಎರಡೂ ನಿಜ. ಗುಂಡು ಪಕ್ಕೆಲುಬುಗಳ ನಡುವೆ ನುಸುಳಿದರೆ ಎದೆಯೊಳಗೆ ಸಿಡಿದು ತಕ್ಷಣ ಸಾವು, ಭುಜದ ಮೂಳೆಗೆ ತಾಗಿದರೆ ಹೊರಗೇ ಸಿಡಿದು ಗಾಯ. ಶಕ್ತಿಯ ಲೆಕ್ಕ ಈ ಭೇದವನ್ನು ಹಿಡಿಯುವುದಿಲ್ಲ. .22-250 ಎಂಬ ತೋಟಾದ 55 ಗ್ರೇನ್ ಗುಂಡು, ಅಂದರೆ ಮೂರೂವರೆ ಗ್ರಾಂ ತೂಕದ್ದು, ಸೆಕೆಂಡಿಗೆ 1,120 ಮೀಟರ್ ವೇಗದಲ್ಲಿ ಹೊರಟರೆ ನಳಿಗೆಯ ಬಾಯಲ್ಲಿ ಸುಮಾರು 2,240 ಜೌಲ್ ಶಕ್ತಿ ಹೊಂದಿರುತ್ತದೆ. 1895ರಿಂದ ಅಮೆರಿಕದ ಕಾಡುಗಳಲ್ಲಿ ಜಿಂಕೆ ಬೇಟೆಗೆ ಮನೆಮಾತಾದ .30-30ರ 170 ಗ್ರೇನ್ ಗುಂಡು ಸೆಕೆಂಡಿಗೆ 670 ಮೀಟರ್‌ನಷ್ಟೇ ಓಡುತ್ತದೆ, ಅದರ ಶಕ್ತಿ ಸುಮಾರು 2,470 ಜೌಲ್. ಕಾಗದದ ಮೇಲೆ ಎರಡೂ ಅಕ್ಕಪಕ್ಕದವು. ಮೈಯೊಳಗೆ ಒಂದು ಮೂರು ಬೆರಳು ಆಳದಲ್ಲಿ ಮುಗಿದುಹೋಗುತ್ತದೆ, ಇನ್ನೊಂದು ಆಚೆ ಬದಿಯಿಂದ ಹೊರಬರುತ್ತದೆ. ಗುಂಡಿನ ತೂಕವನ್ನು ಅದರ ವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಆಳದ ಬಗ್ಗೆ ಶಕ್ತಿಗಿಂತ ಹೆಚ್ಚು ಹೇಳುತ್ತದೆ. ಸ್ವೀಡನ್ನಿನವರು ನೂರು ವರ್ಷಗಳಿಂದ ಮೂಸ್ ಬೇಟೆಗೆ ಬಳಸುತ್ತಿರುವ ಸಪೂರ 6.5 ಮಿಲಿಮೀಟರ್ ರೈಫಲ್‌ನ ಗುಟ್ಟು ಇದೇ: 156 ಗ್ರೇನ್‌ನ ಉದ್ದ ಗುಂಡು, ಮಧ್ಯಮ ವೇಗ, ನೇರವಾದ ಆಳವಾದ ದಾರಿ. ಇವತ್ತು .22 ವ್ಯಾಸದಲ್ಲೂ ಅಡ್ಡಗೋಡೆಯ ಗಟ್ಟಿ ಗುಂಡುಗಳು ಸಿಗುತ್ತವೆ, ಅವುಗಳಿಂದ ಜಿಂಕೆ ಹೊಡೆಯುವವರಿದ್ದಾರೆ ಎಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪುತ್ತೇನೆ. ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಆದರೆ ಅಷ್ಟು ಹಗುರ ಗುಂಡಿನಲ್ಲಿ ಗುರಿ ನಾಲ್ಕು ಬೆರಳು ಜರುಗಿದರೆ ಸುಧಾರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ. ಅನುಮಾನವಿದ್ದರೆ ದೊಡ್ಡದನ್ನೇ ಕೊಳ್ಳಿ, ಹೆಚ್ಚು ಶಕ್ತಿಯಿಂದ ನಷ್ಟವೇನು ಎನ್ನುತ್ತಾರೆ. ನಷ್ಟ ಹೆಗಲಿಗೆ, ಅದರಿಂದ ಗುರಿಗೆ. ಸಮಾನ ತೂಕದ ರೈಫಲ್‌ನಲ್ಲಿ .30-06 ಎಂಬ ದೊಡ್ಡ ತೋಟಾದ ಒದೆತ .243ರ ಹೆಚ್ಚುಕಡಿಮೆ ಎರಡು ಪಟ್ಟು. ಮ್ಯಾಗ್ನಮ್‌ಗಳದು ಅದಕ್ಕೂ ಮೇಲೆ. ಒದೆತಕ್ಕೆ ಹೆದರಿದ ಮೈ ಬಂದೂಕಿನ ಕುದುರೆ ಎಳೆಯುವ ಗಳಿಗೆಯಲ್ಲಿ ತನಗೆ ಗೊತ್ತಿಲ್ಲದೆಯೇ ಕಣ್ಣು ಮುಚ್ಚುತ್ತದೆ, ಭುಜ ಮುಂದೆ ತಳ್ಳುತ್ತದೆ, ಗುಂಡು ಎದೆ ಬಿಟ್ಟು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಬಿದ್ದ ದೊಡ್ಡ ಗುಂಡು ಎದೆಗೆ ಬಿದ್ದ ಸಣ್ಣ ಗುಂಡಿಗೆ ಸಮವಲ್ಲ. ದಕ್ಷಿಣ ಕೆರೊಲಿನಾ ರಾಜ್ಯದ ವನ್ಯಜೀವಿ ಇಲಾಖೆಯ ಚಾರ್ಲ್ಸ್ ರೂತ್ ಒಂದು ಬೇಟೆ ಕ್ಲಬ್ಬಿನಲ್ಲಿ ಸುಮಾರು ಐನೂರು ಜಿಂಕೆಗಳ ಮೇಲೆ ಹಾರಿಸಿದ ಈಡುಗಳ ದಾಖಲೆ ಇಟ್ಟು, ಗಾಯಗೊಂಡವನ್ನು ನಾಯಿಗಳಿಂದ ಪತ್ತೆ ಮಾಡಿಸಿ ಅಧ್ಯಯನ ನಡೆಸಿದರು. .243ರಿಂದ .30ರವರೆಗಿನ ಕ್ಯಾಲಿಬರ್ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಮಾಡಿದ್ದು ಗುಂಡು ಬಿದ್ದ ಜಾಗ: ಭುಜಕ್ಕೆ ಪೆಟ್ಟು ತಿಂದವು ಬಹುಪಾಲು ನಿಂತಲ್ಲೇ ಕುಸಿದವು. ಜಿಂಕೆಯಂಥ ಮೆದು ಮೈಗೆ ಬಹಳ ಗಡುಸಾದ ಗುಂಡಿಗಿಂತ ಬೇಗ ಅರಳುವ ಗುಂಡೇ ತುಸು ಮೇಲೆಂದೂ ಆ ಅಧ್ಯಯನ ಕಂಡುಕೊಂಡಿತು. ಗಟ್ಟಿ ಗುಂಡಿನ ಪರವಾಗಿ ನಾನು ಮೇಲೆ ಹೇಳಿದ್ದಕ್ಕೆ ಇದು ತಿದ್ದುಪಡಿ: ಮೈ ಎಷ್ಟು ಬೇಡುತ್ತದೋ ಅಷ್ಟೇ ಗಡಸುತನ ಸಾಕು.

ಸಣ್ಣ ಕ್ಯಾಲಿಬರ್‌ನ ಪರ ವಾದಿಸುವವರು ಕೊನೆಗೆ ಕರಮೋಜೋ ಬೆಲ್‌ನ ಹೆಸರೆತ್ತುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಫ್ರಿಕದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದವನು ಆತ, ಅದರಲ್ಲಿ ಹೆಚ್ಚಿನವನ್ನು .275 ಎಂಬ 7 ಮಿಲಿಮೀಟರ್ ರೈಫಲ್‌ನಿಂದ. ಆ ಸಂಖ್ಯೆ ಇಂದು ಓದುವಾಗ ಎದೆ ಕಲಕುತ್ತದೆ. ಆದರೆ ಅವನ ಉದಾಹರಣೆ ಹೇಳುವುದೇ ಬೇರೆ. ಅವನು ಅರಳದ, ಪೂರ್ತಿ ಕವಚದ ಗಟ್ಟಿ ಗುಂಡನ್ನೇ ಬಳಸಿದ. ಆನೆಯ ತಲೆಬುರುಡೆಯನ್ನು ಸೀಳಿಸಿ ಮಿದುಳು ಯಾವ ಕೋನದಲ್ಲಿ ಎಲ್ಲಿ ಕೂತಿದೆ ಎಂದು ಅಭ್ಯಾಸ ಮಾಡಿದ. ಹತ್ತಿರ ಹೋಗಿ ಒಂದೇ ಜಾಗಕ್ಕೆ ಹೊಡೆದ. ಅವನ ವಿದ್ಯೆಯಿಲ್ಲದವನು ಅವನ ರೈಫಲ್ ಮಾತ್ರ ಎತ್ತಿಕೊಂಡರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಈ ವಿಷಯದಲ್ಲಿ ಎಲ್ಲಿ ನಿಂತಿದೆ ಎಂದು ನೋಡಿದರೆ ಅದರ ಇಕ್ಕಟ್ಟೂ ತಿಳಿಯುತ್ತದೆ. ಕೊಲೊರಾಡೊ ರಾಜ್ಯದಲ್ಲಿ ದೊಡ್ಡ ಬೇಟೆಗೆ ಕನಿಷ್ಠ .24 ಕ್ಯಾಲಿಬರ್, ಅರಳುವ ಗುಂಡು, ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್ ಮತ್ತು ಮೂಸ್‌ಗೆ 85 ಗ್ರೇನ್, 100 ಗಜ ದೂರದಲ್ಲಿ 1,000 ಅಡಿ-ಪೌಂಡ್ ಶಕ್ತಿ ಇರಬೇಕು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚು ಮತ್ತು ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡ್ ಎನ್ನುತ್ತದೆ. ಅಧಿಕಾರಿಯೊಬ್ಬ ಕಾಡಿನ ಅಂಚಿನಲ್ಲಿ ನಿಂತು ಅಳೆಯಬಹುದಾದದ್ದು ವ್ಯಾಸ ಮತ್ತು ತೂಕವನ್ನು ಮಾತ್ರ. ಗುಂಡಿನ ಕಟ್ಟನ್ನೂ ಹೊಡೆಯುವವನ ಕೈಯನ್ನೂ ಅಲ್ಲಿ ಅಳೆಯಲಾಗದು. ಆದ್ದರಿಂದ ಈ ಅಂಕಿಗಳು ಬೇಕು. ಆದರೆ ಅವು ಕೆಳಗಿನ ಗಡಿ ಅಷ್ಟೇ, ಸಲಹೆಯಲ್ಲ. .243ರಲ್ಲಿ 85 ಗ್ರೇನ್ ಗುಂಡು ತುಂಬಿಕೊಂಡು ಗಂಡು ಎಲ್ಕ್‌ಗೆ ಗುರಿಯಿಡುವುದು ಕೊಲೊರಾಡೊದಲ್ಲಿ ಕಾನೂನುಬದ್ಧ. ಅದು ಸರಿಯೆಂದು ನಾನು ಒಪ್ಪಲಾರೆ. ಎಲ್ಕ್ ಓರೆಯಾಗಿ ನಿಂತಾಗ ಎದೆ ತಲುಪಲು ಗುಂಡು ಅರ್ಧ ಮೀಟರಿಗೂ ಹೆಚ್ಚು ಮಾಂಸ ಮೂಳೆ ದಾಟಬೇಕಾಗಬಹುದು, ಅಷ್ಟು ಹಗುರ ಗುಂಡಿಗೆ ಅದು ಆಗದ ಕೆಲಸ.

ಹಾಗಾದರೆ 1955ರ ಆ ಗಿರಾಕಿಯ ಆಸೆ, ಎರಡಕ್ಕೂ ಒಂದೇ ರೈಫಲ್, ನ್ಯಾಯವಾದದ್ದೇ? ಕಯೋಟಿ ಮತ್ತು ಜಿಂಕೆ ಮಾತ್ರ ಎದುರಿಗಿದ್ದರೆ, ಹೌದು. .243, 6 ಎಂಎಂ ರೆಮಿಂಗ್ಟನ್, 1969ರ .25-06 ಇವೆಲ್ಲ ಆ ಎರಡರ ನಡುವಿನ ಸೇತುವೆಗೆಂದೇ ಹುಟ್ಟಿದವು, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಹಗುರ ಗುಂಡು ಒಂದಕ್ಕೆ, 95ರಿಂದ 100 ಗ್ರೇನ್‌ನ ಗಟ್ಟಿ ಗುಂಡು ಇನ್ನೊಂದಕ್ಕೆ. ಆದರೆ ಎರಡು ತೂಕದ ಗುಂಡುಗಳು ಒಂದೇ ಜಾಗಕ್ಕೆ ಬೀಳುವುದಿಲ್ಲ; ಪ್ರತಿ ಸಲ ಬದಲಿಸಿದಾಗಲೂ ದುರ್ಬೀನನ್ನು ಹೊಸದಾಗಿ ಹೊಂದಿಸಿ, ಗುರಿಹಲಗೆಗೆ ಹೊಡೆದು ನೋಡಬೇಕು. ಆ ಶ್ರದ್ಧೆಯಿಲ್ಲದವನು ಎರಡು ಬಗೆಯ ತೋಟಾ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಪ್ರೈರಿ ಡಾಗ್ ಬೇಟೆಯ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಒಂದು ದಿನಕ್ಕೆ ನೂರಾರು ಈಡು ಹಾರುತ್ತವೆ. ಅಷ್ಟು ಈಡಿಗೆ ನಳಿಗೆ ಕೈಸುಡುವಷ್ಟು ಕಾಯುತ್ತದೆ, ಗಂಟಲಿನ ತೋಡು ಬೇಗ ಸವೆಯುತ್ತದೆ. ಅದಕ್ಕಾಗಿ ದಪ್ಪ ನಳಿಗೆಯ ನಾಲ್ಕೈದು ಕಿಲೋ ಭಾರದ ರೈಫಲ್ ಮತ್ತು .223ರಂಥ ಕಡಿಮೆ ಮದ್ದಿನ ತೋಟಾ ಬೇಕು. ಅದೇ ಭಾರವನ್ನು ಹೆಗಲಿಗೇರಿಸಿ ಎಲ್ಕ್ ಹಿಂದೆ ರಾಕಿ ಬೆಟ್ಟಗಳನ್ನು ಹತ್ತುವುದು ಆಗದು. ಎಲ್ಕ್‌ವರೆಗೆ ಹೋಗಬೇಕೆಂದಿರುವವನು 1906ರ .30-06, 1925ರ .270, ಅಥವಾ 7 ಮಿಲಿಮೀಟರ್ ಗುಂಪಿನಲ್ಲಿ ಒಂದನ್ನು ದೊಡ್ಡ ಬೇಟೆಗೆಂದೇ ಇಟ್ಟುಕೊಂಡು, ಸಣ್ಣದಕ್ಕೆ ಬೇರೊಂದನ್ನು ಇಟ್ಟುಕೊಳ್ಳಲಿ. ಹಣ ಒಂದಕ್ಕೇ ಸಾಲುವುದಾದರೆ ದೊಡ್ಡ ಪ್ರಾಣಿಯ ಪಾಲಿಗೆ ಸರಿಯಾದದ್ದನ್ನು ಆರಿಸಲಿ. ಸಣ್ಣ ಪ್ರಾಣಿಗೆ ಬೇಕಾದದ್ದಕ್ಕಿಂತ ದೊಡ್ಡ ಗುಂಡು ಬಿದ್ದರೂ ಅದು ನರಳುವುದಿಲ್ಲ, ದೊಡ್ಡದಕ್ಕೆ ಸಣ್ಣದು ಬಿದ್ದರೆ ನರಳುತ್ತದೆ.

ಈಚೆಗೆ ಈ ಆಯ್ಕೆಗೆ ಇನ್ನೊಂದು ಮಗ್ಗುಲು ಸೇರಿದೆ. ಪ್ರಾಣಿಯ ಮೈಯಲ್ಲಿ ಚೂರಾದ ಸೀಸವನ್ನು ಕಳೇಬರ ತಿನ್ನುವ ಹಕ್ಕಿಗಳು ನುಂಗುತ್ತವೆ. ಅಳಿವಿನಂಚಿಗೆ ಹೋಗಿ ಬಂದ ಕ್ಯಾಲಿಫೋರ್ನಿಯಾ ಕಾಂಡೋರ್‌ಗಳ ಸಾವಿಗೆ ಸೀಸದ ವಿಷವೇ ಮುಖ್ಯ ಕಾರಣ ಎಂಬುದು ಸ್ಥಾಪಿತ ಸಂಗತಿ. ಆ ರಾಜ್ಯ 2013ರಲ್ಲಿ ಕಾಯ್ದೆ ಮಾಡಿ 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿತು, ಡೆನ್ಮಾರ್ಕ್ 2024ರಲ್ಲಿ ರೈಫಲ್ ಗುಂಡಿಗೂ ನಿಷೇಧ ಹೇರಿತು. ಬದಲಿಗೆ ಬಂದ ಪೂರ್ತಿ ತಾಮ್ರದ ಗುಂಡುಗಳು ಒಡೆಯುವುದಿಲ್ಲ, ಆಳಕ್ಕೆ ಇಳಿಯುತ್ತವೆ. ಹಾಗಾಗಿ ಮೊದಲಿಗಿಂತ ಹಗುರ ತೂಕದಲ್ಲೂ ಕೆಲಸ ಮಾಡುತ್ತವೆ. ಆದರೆ ತಾಮ್ರ ಸೀಸಕ್ಕಿಂತ ಹಗುರ ಲೋಹವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಉದ್ದವಾದ ಗುಂಡು ಬಿರುಸಾದ ಸುತ್ತು ಕೇಳುತ್ತದೆ. ಹಳೆಯ ನಿಧಾನ ಸುತ್ತಿನ ನಳಿಗೆಗಳಿಗೆ .244ರದೇ ಸಮಸ್ಯೆ ಮತ್ತೆ ಎದುರಾಗಿದೆ.

ಬೇಟೆಯೇ ನಿಷಿದ್ಧವಾದ ನಮ್ಮ ನಾಡಿನಲ್ಲಿ ಇದೆಲ್ಲ ಏಕೆ ಎಂದು ಓದುಗರು ಕೇಳಬಹುದು. ಕೊಲ್ಲುವುದೇ ತಪ್ಪು, ಅದರಲ್ಲಿ ಚೆನ್ನಾಗಿ ಕೊಲ್ಲುವುದೆಂದರೇನು ಎಂದೂ ಕೇಳಬಹುದು. ಎರಡನೆಯ ಪ್ರಶ್ನೆಗೆ ನನಗೆ ಗೌರವವಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶೋಕಿಯ ಬೇಟೆಯನ್ನು ನಿಲ್ಲಿಸಿತೇ ಹೊರತು ಗುಂಡನ್ನು ಪೂರ್ತಿ ನಿಲ್ಲಿಸಲಿಲ್ಲ. ಜೀವಕ್ಕೋ ನಿಂತ ಬೆಳೆಗೋ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಆ ಕಾಯ್ದೆಯ 11ನೇ ಸೆಕ್ಷನ್‌ನಲ್ಲೇ ಇದೆ. 62ನೇ ಸೆಕ್ಷನ್ ಕೆಲವು ಪ್ರಾಣಿಗಳನ್ನು ನಿರ್ದಿಷ್ಟ ಪ್ರದೇಶ ಮತ್ತು ಅವಧಿಗೆ ಪೀಡಕ ಎಂದು ಘೋಷಿಸಲು ಕೇಂದ್ರಕ್ಕೆ ಅಧಿಕಾರ ಕೊಡುತ್ತದೆ. ಬಿಹಾರದಲ್ಲಿ ನೀಲಗಾಯಿ ಮತ್ತು ಕಾಡುಹಂದಿ, ಉತ್ತರಾಖಂಡದಲ್ಲಿ ಕಾಡುಹಂದಿ 2015–16ರಲ್ಲಿ ಹೀಗೆ ಘೋಷಣೆಯಾದವು. ಬಿಹಾರದ ಮೊಕಾಮಾದಲ್ಲಿ ನೀಲಗಾಯಿಗಳನ್ನು ಹೊಡೆಸಿದಾಗ ಕೇಂದ್ರದ ಇಬ್ಬರು ಸಚಿವರೇ ಬಹಿರಂಗವಾಗಿ ಜಗಳವಾಡಿದರು. ಕೇರಳ 2022ರಲ್ಲಿ ಕಾಡುಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೆ ಇಳಿಸಿತು. ಕೊಲ್ಲಬೇಕೇ ಬೇಡವೇ ಎಂಬ ವಾಗ್ವಾದ ಜೋರಾಗಿಯೇ ನಡೆಯುತ್ತದೆ, ನಡೆಯಲೂಬೇಕು. ಯಾವುದರಿಂದ, ಎಷ್ಟು ದೂರದಿಂದ, ಯಾರ ಕೈಯಿಂದ ಎಂಬುದು ಅಷ್ಟೇ ಗಟ್ಟಿಯಾಗಿ ಚರ್ಚೆಗೆ ಬರುವುದಿಲ್ಲ.

ಅಮೆರಿಕದ ಪೀಡಕ ಪ್ರಾಣಿ ಹೆಚ್ಚೆಂದರೆ ಇಪ್ಪತ್ತು ಕಿಲೋ ಒಳಗಿನದು. ನಮ್ಮ ಪಟ್ಟಿಗೆ ಬಂದದ್ದು ನೂರು ಕಿಲೋದ ಹಂದಿ, ಇನ್ನೂರು ಕಿಲೋ ದಾಟುವ ಗಂಡು ನೀಲಗಾಯಿ. ಕಾನೂನು ಏನೇ ಕರೆಯಲಿ, ಮೈಯ ಲೆಕ್ಕದಲ್ಲಿ ಇವು ದೊಡ್ಡ ಬೇಟೆಯ ಪ್ರಾಣಿಗಳು, ಅದಕ್ಕೆ ತಕ್ಕ ಗುಂಡೇ ಬೇಕು. ಬಲಿತ ಗಂಡು ಹಂದಿಯ ಭುಜದ ಮೇಲೆ ಚರ್ಮ ದಪ್ಪಗಟ್ಟಿ ಗುರಾಣಿಯಂತಿರುತ್ತದೆ, ಅದರ ಹೃದಯ ಮತ್ತು ಶ್ವಾಸಕೋಶ ಜಿಂಕೆಗಿಂತ ಕೆಳಗೆ, ಮುಂಗಾಲಿಗೆ ಒತ್ತಿಕೊಂಡು ಇವೆ. ಆದರೆ ನಮ್ಮ ಹಳ್ಳಿಗಳಲ್ಲಿ ಪರವಾನಗಿ ಇರುವವರ ಕೈಯಲ್ಲಿ ಹೆಚ್ಚಾಗಿ ಇರುವುದು 12 ಬೋರ್ ಕೋವಿ ಅಥವಾ ಕೇಪಿನ ಕೋವಿ. ಸೇನೆಯ .303 ಮತ್ತು 7.62 ನಾಗರಿಕರಿಗೆ ನಿಷೇಧಿತ ಬೋರ್, ಸರ್ಕಾರಿ ಕಾರ್ಖಾನೆಯ .315 ರೈಫಲ್ ಇಟ್ಟುಕೊಂಡವರು ವಿರಳ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ, ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. 12 ಬೋರ್‌ನ ಎಲ್.ಜಿ. ತೋಟಾದ ಒಂದೊಂದು ಚರೆಯೂ ಸುಮಾರು 9 ಮಿಲಿಮೀಟರ್ ವ್ಯಾಸದ್ದು, .30-06ರ ಗುಂಡಿಗಿಂತಲೂ ದಪ್ಪ. ವ್ಯಾಸವೇ ಎಲ್ಲವಾಗಿದ್ದರೆ ಹಂದಿಗೆ ಇದಕ್ಕಿಂತ ಒಳ್ಳೆಯದು ಇರಬಾರದಿತ್ತು. ಆದರೆ ಅದು ಉರುಟು ಸೀಸದ ಗೋಲಿ, ವೇಗ ರೈಫಲ್ ಗುಂಡಿನ ಅರ್ಧಕ್ಕಿಂತ ಕಡಿಮೆ. ಹತ್ತಿಪ್ಪತ್ತು ಹೆಜ್ಜೆಯಲ್ಲಿ ಕೊಲ್ಲುತ್ತದೆ. ಐವತ್ತು ಹೆಜ್ಜೆಯಲ್ಲಿ ಚರೆಗಳು ಚದುರಿ ಒಂದು ಕಾಲಿಗೆ, ಒಂದು ಹೊಟ್ಟೆಗೆ ಬೀಳುತ್ತವೆ.

ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಏನು ಮಾಡಬಲ್ಲದು ಎಂಬುದಕ್ಕೆ ಈ ದೇಶದ ದಾಖಲೆಯೇ ಎಲ್ಲಕ್ಕಿಂತ ದೊಡ್ಡದು. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತ್ ಹೆಣ್ಣುಹುಲಿಯ ಬಲಬದಿಯ ಕೋರೆಹಲ್ಲುಗಳು ಮುರಿದಿದ್ದವು, ಹಳೆಯ ಗುಂಡೇಟಿನಿಂದ. ಸಹಜ ಬೇಟೆ ಹಿಡಿಯಲಾರದ ಅದು ಕೊಂದ ಜನರ ಲೆಕ್ಕ 436. ಅದನ್ನು ಕೊಂದದ್ದಕ್ಕಾಗಿ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದದ್ದು .275 ರಿಗ್ಬಿ, ಬೆಲ್ ಬಳಸಿದ ಅದೇ ಕ್ಯಾಲಿಬರ್. ತೇಜಸ್ವಿಯವರ ಕನ್ನಡದಲ್ಲಿ ನಾವು ಓದಿದ ಕೆನೆತ್ ಆಂಡರ್ಸನ್ ಹೊತ್ತು ತಿರುಗಿದ್ದು 300 ಗ್ರೇನ್ ಗುಂಡು ಉಗುಳುವ .405 ವಿಂಚೆಸ್ಟರ್. ಗುಂಡಿನ ತೂಕದಲ್ಲಿ ಎರಡರ ನಡುವೆ ಬಹಳ ಅಂತರವಿತ್ತು. ಆದರೆ ಗಾಯ ಮಾಡಿ ಬಿಟ್ಟ ಪ್ರಾಣಿಯ ಹಿಂದೆ ಹೋಗುವುದು ಹೊಡೆದವನ ಹೊಣೆ ಎಂಬುದರಲ್ಲಿ ಅವರಿಬ್ಬರ ಬರಹಗಳಲ್ಲಿ ಭೇದವಿಲ್ಲ.

ಆ ಹೊಣೆಯನ್ನು ಕಾನೂನಾಗಿ ಬರೆದಿಟ್ಟ ದೇಶಗಳಿವೆ. ನಾರ್ವೆಯಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹೋಗುವವರು ಪ್ರತಿ ವರ್ಷ ಪರೀಕ್ಷೆಗೆ ಮುನ್ನ ಮೂವತ್ತು ಈಡು ಅಭ್ಯಾಸ ಮಾಡಿರಬೇಕು; ಆಮೇಲೆ ನೂರು ಮೀಟರ್ ದೂರದಿಂದ ಐದಕ್ಕೆ ಐದು ಗುಂಡನ್ನೂ ಮೂವತ್ತು ಸೆಂಟಿಮೀಟರ್ ವೃತ್ತದೊಳಗೆ ಹಾಕಿ ತೋರಿಸಬೇಕು. ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಬಲ್ಲ ತರಬೇತಾದ ನಾಯಿ ಕರೆದಾಗ ಸಿಗುವಂತಿರಬೇಕು. ನಮ್ಮಲ್ಲಿ ಹಂದಿ ಹೊಡೆಯಲು ಅನುಮತಿ ಕೊಡುವ ಪ್ರತಿ ಆದೇಶದಲ್ಲೂ ಇಂಥ ನಾಲ್ಕು ಸಾಲು ಇರಬೇಕೆಂಬುದು ನನ್ನ ಒತ್ತಾಯ: ರೈಫಲ್ ಇದ್ದರೆ ಗುಂಡಿನ ಕನಿಷ್ಠ ತೂಕ ಮತ್ತು ಅದು ಅರಳುವ ಜಾತಿಯದೇ ಆಗಿರಬೇಕೆಂಬ ಷರತ್ತು, 12 ಬೋರ್ ಆದರೆ ಇಪ್ಪತ್ತೈದು ಮೀಟರಿಗಿಂತ ಆಚೆ ಹಾರಿಸಬಾರದೆಂಬ ಗಡಿ, ಹೊಡೆಯುವವನು ಅದೇ ವರ್ಷ ಗುರಿಹಲಗೆಯ ಮುಂದೆ ಪರೀಕ್ಷೆ ಕೊಟ್ಟ ದಾಖಲೆ, ಗಾಯಗೊಂಡದ್ದನ್ನು ಹುಡುಕಿ ಮುಗಿಸುವವರೆಗೆ ಎರಡನೆಯ ಪ್ರಾಣಿಗೆ ಗುರಿಯಿಡುವಂತಿಲ್ಲ ಎಂಬ ನಿಬಂಧನೆ. ಕ್ಯಾಲಿಬರ್‌ನ ಅಂಕಿಯನ್ನು ಇವುಗಳ ಕೆಳಗೆ ಬರೆದರೆ ಸಾಕು.